ವರ್ಲೀನ್ ಊಟದ ಮೇಜಿಗೆ ಕೂತಳು

ಅಯೋವಾದ ಒಂದು ಕಾಲೇಜಿನ ಊರಿನಲ್ಲಿ, ಅಣ್ಣತಮ್ಮಂದಿರೆಂದು ಹೇಳಿಕೊಂಡು ಒಂದೇ ಸೂರಿನಡಿ ಬಾಳುವ ನಲವತ್ತು ಹುಡುಗರ ಸೋದರಕೂಟಕ್ಕೆ ವರ್ಲೀನ್ ಹತ್ತೊಂಬತ್ತು ವರ್ಷದಿಂದ ಬೇಯಿಸಿ ಹಾಕುತ್ತಿದ್ದಳು. ಐದಡಿಯ ಹೆಂಗಸು, ಮಾತು ಕಡಿಮೆ. ಯಾರಾದರೂ ಕರೆದರೆ ಪೂರ್ತಿ ತಿರುಗಿ ನಿಲ್ಲುತ್ತಿದ್ದಳು. ಅದನ್ನು ಬಿಂಕವೆಂದು ಅಣಕಿಸಿದವರಲ್ಲಿ ಕೂಟದ ಆ ವರ್ಷದ ಅಧ್ಯಕ್ಷ ಎವರೆಟ್ ಕೂಡ ಒಬ್ಬ.

ಅಕ್ಟೋಬರಿನ ಒಂದು ಮಧ್ಯಾಹ್ನ, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಕುರಿತು ಕಾಲೇಜು ಕಡ್ಡಾಯ ಮಾಡಿದ್ದ ತರಬೇತಿ ಮುಗಿಸಿ ಎಲ್ಲರೂ ಆಕಳಿಸುತ್ತ ಊಟಕ್ಕೆ ಬಂದರು. ದಾಲ್ಚಿನ್ನಿ ಬನ್ನು ಮುರಿಯುತ್ತ ಗ್ರೇಡಿ ಎಂಬವನು, ತಾನು ಗೆಳತಿ ಮೇರೆನ್‌ಳ ಫೋನನ್ನು ದಿನಾ ಜಾಲಾಡುವುದನ್ನೂ ಎದುರಾಡಿದರೆ ಅವಳ ರಟ್ಟೆ ತಿರುಚುವುದನ್ನೂ ರಸವತ್ತಾಗಿ ಹೇಳಿದ. ಇಡೀ ಪಂಕ್ತಿ ಘೊಳ್ಳೆಂದು ನಕ್ಕಿತು. ಎವರೆಟ್ಟೂ ನಕ್ಕ.

ವರ್ಲೀನ್ ಒಲೆ ಆರಿಸಿ ಬಂದು ಗ್ರೇಡಿಯ ಎದುರು ಕುರ್ಚಿ ಎಳೆದು ಕೂತಳು. ಆ ಮೇಜಿಗೆ ಅವಳು ಕೂತದ್ದನ್ನು ಯಾರೂ ಕಂಡಿರಲಿಲ್ಲ.

“ನನ್ನ ಎಡಗಿವಿ ಕೇಳ್ಸಲ್ಲ ಕಣಪ್ಪಾ. ನನ್ನ ಗಂಡ ಹೊಡ್ದಿದ್ದಕ್ಕೆ ಹೋಗಿದ್ದು ಅದು. ಅವ್ನೂ ಶುರು ಮಾಡಿದ್ದು ರಟ್ಟೆ ತಿರುಚೋದ್ರಿಂದ್ಲೇ. ಅವ್ನ ಸ್ನೇಹಿತ್ರೂ ಹಿಂಗೇ ನಗ್ತಿದ್ರು. ಒಬ್ಬ ನಗ್ದೇ ಇದ್ದಿದ್ರೆ ಸಾಕಿತ್ತು ನಂಗೆ.”

“ಮಿಸ್ ವರ್ಲೀನ್, ನಾನು ಅಂಥೋನಲ್ಲ,” ಎಂದ ಗ್ರೇಡಿ.

“ಅವ್ನೂ ಅದನ್ನೇ ಹೇಳ್ತಿದ್ದ.”

ಆಮೇಲೆ ಹನ್ನೊಂದು ವರ್ಷದ ಸಂಸಾರವನ್ನು ದನಿ ಏರಿಸದೆ ಹೇಳಿದಳು. ಬೆಳಿಗ್ಗೆಯ ತರಬೇತಿಯಲ್ಲಿ ಮೂರು ತಾಸು ಯಾರ ಕಿವಿಗೂ ಬೀಳದ ಮಾತು ಈಗ ನಲವತ್ತು ಜನರನ್ನು ಕೂತಲ್ಲೇ ಹಿಡಿದಿತ್ತು. ಇಷ್ಟನ್ನೆಲ್ಲ ಹೊತ್ತುಕೊಂಡು ಈಕೆ ತಮಗೆ ದಿನಾ ಬಡಿಸುತ್ತಿದ್ದಳೇ ಎಂದು ಬೆರಗಾಗಿ, ಎವರೆಟ್ ಎದ್ದು ನಿಂತ.

“ನಾನೂ ನಕ್ಕೆ, ತಪ್ಪಾಯ್ತು,” ಎಂದ. “ಗ್ರೇಡಿ, ಇನ್ನು ಇದಕ್ಕೆ ಇಲ್ಲಿ ಯಾರೂ ನಗಲ್ಲ.”

ಗ್ರೇಡಿ ತಟ್ಟೆ ಬಿಟ್ಟು ಹೊರಟುಹೋದ. ಆ ವಾರವೇ ಕೂಟ ಅವನನ್ನು ಹೊರಹಾಕಿತು. ವರ್ಲೀನ್ ಮೇರೆನ್‌ಳನ್ನು ಹುಡುಕಿಕೊಂಡು ಹೋಗಿ, ಏನು ಮಾಡಬೇಕೆಂದಿದ್ದೀಯ ಎಂದಷ್ಟೇ ಕೇಳಿದಳು. ಹುಡುಗಿ ಎರಡು ದಿನ ಯೋಚಿಸಿ ದೂರು ಕೊಡಲು ಹೊರಟಾಗ ಜೊತೆಗೆ ಹೋದಳು.

ಈಗ ಪ್ರತಿ ಸೆಪ್ಟೆಂಬರಿನಲ್ಲಿ ಹೊಸ ಹುಡುಗರು ಬಂದಾಗ ವರ್ಲೀನ್ ಅವರೊಂದಿಗೆ ಊಟಕ್ಕೆ ಕೂರುತ್ತಾಳೆ. ಅವತ್ತು ಬಡಿಸುವವರು ಹಳೆಯ ಹುಡುಗರು.