ದೊಡ್ಡವ್ವ ರೆಪ್ಪೆ ಬಡಿದಳು

ಹೋದ ವಾರ ನಮ್ಮ ದೊಡ್ಡವ್ವ ಸತ್ತ ಮೇಲೆ ಕಣ್ಣು ಬಿಟ್ಟಳು. ನಾನೇ ಕಂಡೆ. ನಗಬೇಡಿ.

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ. ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಲ್ಲಿ ಮಗ ರುದ್ರೇಶಣ್ಣನ ಜೊತೆ ಇದ್ದಳು. ನಾವು ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನವರು. ದಿನಾ ವಿಡಿಯೊ ಕಾಲ್‌ನಲ್ಲಿ ಮುಖ ನೋಡದೆ ಅಕ್ಕ-ತಂಗಿಗೆ ಊಟ ಸೇರುತ್ತಿರಲಿಲ್ಲ. ಸಾವಿನ ಸುದ್ದಿ ಬಂದಾಗ ಅವ್ವ ಸೊಂಟದ ಆಪರೇಷನ್ ಆಗಿ ಮಂಚ ಹಿಡಿದಿದ್ದಳು. ಹೊರಡುವ ಮಾತೇ ಇಲ್ಲ.

"ಮಣ್ಣು ಮಾಡೋಕ್ಕಿಂತ ಮುಂಚೆ ಅಕ್ಕನ ಮುಖ ಒಂದ್ಸಲ ತೋರ್ಸಪ್ಪ" ಎಂದು ರುದ್ರೇಶಣ್ಣನಿಗೆ ಹೇಳಿಕೊಂಡು ಅತ್ತಳು.

ಆ ಮನೆಯಲ್ಲಿ ನೆಟ್‌ವರ್ಕ್ ದೇವರಿಗೇ ಪ್ರೀತಿ. ಅದಕ್ಕೇ ಅವರು ಮೊದಲಿನಿಂದಲೂ ಆ್ಯಪ್‌ನಲ್ಲಿ 'ಕಡಿಮೆ ಡೇಟಾ' ಆನ್ ಮಾಡಿಟ್ಟಿದ್ದರು. ಕಾಲ್ ಬಂತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂಡಿಸುತ್ತೇವೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ. ದೊಡ್ಡವ್ವ ನೆಟ್ಟಗೆ ಕೂತಿದ್ದಳು. ಚಿತ್ರ ಮಾತ್ರ ಭಾರಿ ಕ್ಲಿಯರ್!

ಆಮೇಲೆ ಕಣ್ಣು ಬಿಟ್ಟಳು. ರೆಪ್ಪೆ ಬಡಿದಳು. ತುಟಿಯಲ್ಲಿ ಸಣ್ಣ ನಗು.

"ಅಕ್ಕಗೆ ಜೀವ ಐತೋ! ಮಣ್ಣು ಮಾಡಬ್ಯಾಡ್ರೋ!" ಅವ್ವ ಚೀರಿದಳು.

"ಇಲ್ಲ ಚಿಕ್ಕವ್ವ, ಕಣ್ಣು ಮುಚ್ಚೇ ಐತೆ. ಮೈ ತಣ್ಣಗಾಗೈತೆ" ಎಂದ ರುದ್ರೇಶಣ್ಣ. ಕಾಲ್ ಕಟ್ ಆಯಿತು. ಡಾಕ್ಟರು ಮತ್ತೊಮ್ಮೆ ಬಂದು ನೋಡಿ ಜೀವ ಇಲ್ಲವೆಂದು ತಲೆಯಾಡಿಸಿದ ಮೇಲೆಯೇ ಅವನು ತಾಯಿಯನ್ನು ಮಣ್ಣು ಮಾಡಿದ್ದು.

ಇದೆಂಥ ಮಾಟ? ನಮ್ಮ ಎದುರುಮನೆಯ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು ಬಿಡಿಸಿ ಹೇಳಿದರು. ಡೇಟಾ ಉಳಿಸಲು ಈ ಆ್ಯಪ್ ವಿಡಿಯೊವನ್ನೇ ಕಳಿಸುವುದಿಲ್ಲವಂತೆ. ದಿನಾ ಮಾತಾಡುವವರ ಮುಖದ ಒಂದು ಮಾದರಿ ಕಟ್ಟಿಟ್ಟುಕೊಂಡಿರುತ್ತದೆ. ಕತ್ತು ವಾಲಿತು, ತುಟಿ ಸರಿಯಿತು ಎಂಬ ಸುದ್ದಿಯಷ್ಟೇ ಆ ಕಡೆಯಿಂದ ಬರುತ್ತದೆ. ಮುಖವನ್ನು ಈ ಕಡೆಯ ಫೋನೇ ಬರೆದುಕೊಳ್ಳುತ್ತದೆ. ಸುದ್ದಿ ಸರಿಯಾಗಿ ಬರದಿದ್ದರೆ? ಊಹೆ ಮಾಡುತ್ತದೆ. ಮುಖ ಅಂದಮೇಲೆ ರೆಪ್ಪೆ ಬಡಿಯಲೇಬೇಕಲ್ಲ! (ಸಾವು ಎಂಬುದೊಂದು ಇದೆ ಅಂತ ಅದಕ್ಕೆ ಯಾರೂ ಕಲಿಸಿರಲಿಲ್ಲ.)

"ಟೆಕ್ನಾಲಜಿ ಮಾತ್ರ ಬ್ರಿಲಿಯಂಟ್ ಕಣ್ರಿ" ಎಂದರು ಮೇಷ್ಟ್ರು. ನನಗೆ ಮೈ ಉರಿಯಿತು.

ಇದನ್ನೆಲ್ಲ ಅವ್ವನಿಗೆ ಹೇಗೆ ತಿಳಿಸಲಿ? ತಿಳಿಸಿದೆ. "ನನ್ ಕಣ್ಣಾರೆ ನೋಡೀನಿ. ಜೀವ ಇದ್ದೋಳನ್ನ ಹೂತ್ರಿ" ಎಂದು ಗೋಡೆಯ ಕಡೆ ತಿರುಗಿದಳು. ಹೆತ್ತ ತಾಯಿಯನ್ನು ಎತ್ತಿ ಮಣ್ಣಿಗಿಟ್ಟು ಬಂದ ರುದ್ರೇಶಣ್ಣ ದಿನಾ ಫೋನ್ ಮಾಡುತ್ತಾನೆ. ಅವ್ವ ಕೈಯಲ್ಲೂ ಹಿಡಿಯುವುದಿಲ್ಲ. ಅವಳ ಪಾಲಿಗೆ ಅವನೀಗ ಕೊಲೆಗಾರ.

ಸತ್ತ ಮುಖ ಅಲುಗುವುದಿಲ್ಲ, ನಗುವುದಿಲ್ಲ, ರೆಪ್ಪೆ ಬಡಿಯುವುದಿಲ್ಲ. ಆ ಆ್ಯಪ್ ಒಂದೇ ಒಂದು ಫೋಟೊ ಕಳಿಸಿ ಸುಮ್ಮನಿದ್ದರೆ ಸಾಕಿತ್ತು.

ಇಷ್ಟು ಕಡಿಮೆ ಡೇಟಾದ ಮುಖ ಸಿಕ್ಕರೂ ಇದ್ದಹಾಗೆ ತೋರಿಸಲಾಗಲಿಲ್ಲವೇ, ಆ್ಯಪ್ ಮಾಡಿದ ಬುದ್ಧಿವಂತರೇ?