ನೆಲ ಮುಟ್ಟದ ಗೆರೆ

ಬಳೆಗಳನ್ನು ಮೊಣಕೈವರೆಗೆ ಸರಿಸಿ, ಸೀಮೆಸುಣ್ಣದ ತುಂಡನ್ನು ಅಡ್ಡ ಹಿಡಿದು, ಮೇಡಂ ಎಡಗೈಯಲ್ಲಿ ಗೆರೆ ಎಳೆಯುತ್ತಿದ್ದರು. ಆ ಅಂಗೈಯ ಅಂಚು ಸದಾ ಬೆಳ್ಳಗಿರುತ್ತಿತ್ತು. ಗೋಕಾಕದ ಕಾಲೇಜಿನಲ್ಲಿ ನನಗೆ ಸಂಖ್ಯಾಶಾಸ್ತ್ರ ಕಲಿಸಿದವರು ಅವರು.

ಒಂದು ದಿನ ಡಬ್ಬಿಯಲ್ಲಿ ಜೋಳದ ಹಿಟ್ಟು ತಂದರು. ಮೇಜಿನ ಮೇಲೆ ತಿಂಗಳುಗಳನ್ನು ಬರೆದು, ಏನಾದರೂ ನಡೆದ ಒಂದೊಂದು ತಾರೀಖಿಗೆ ಒಂದೊಂದು ಚಿಟಿಕೆ ಉದುರಿಸತೊಡಗಿದರು.

"ಮೇಡಂ, ರೊಟ್ಟಿ ಬಡಿಯೂದೇನ್ರಿ?" ಎಂದ ಹಿಂದಿನ ಬೆಂಚಿನವನೊಬ್ಬ.

"ಮೊದಲ ಇದನ್ನ ತಿಳಕೋ. ರೊಟ್ಟಿ ನಿಮ್ಮವ್ವ ಬಡೀತಾಳ."

ಕೈ ಕೆಳಗಿದ್ದರೆ ಹಿಟ್ಟು ಚೂಪಾದ ಗುಪ್ಪೆಯಾಗುತ್ತಿತ್ತು. ಮೇಲೆತ್ತಿದರೆ ಅಗಲಕ್ಕೆ ಹರಡಿ, ಪಕ್ಕದವುಗಳೊಂದಿಗೆ ಕೂಡಿ ಒಂದೇ ದಿಬ್ಬವಾಗುತ್ತಿತ್ತು. "ಚಿಟಿಕಿ ಅಷ್ಟ ಐತಿ, ಹಿಟ್ಟು ಎಲ್ಲೂ ಹೋಗಿಲ್ಲ. ಯಾವ ದಿನಕ್ಕೂ ಒಂದು ಆಜೂಬಾಜೂ ಇರತೈತಿ. ಇವತ್ತ ಆಗಿದ್ದು ನಾಳೆನೂ ಆಗಬಹುದಿತ್ತು." ಆ ಆಜೂಬಾಜೂ, ಅಂದರೆ ಅಕ್ಕಪಕ್ಕ, ಎಷ್ಟು ಅಗಲವಿರಬೇಕು ಎಂಬುದೇ ಈ ವಿದ್ಯೆಯ ಕಷ್ಟ ಎನ್ನುತ್ತಿದ್ದರು.

ಅವರ ಒಬ್ಬನೇ ಮಗ ಒಂದು ಚಳಿಗಾಲ ಅಜ್ಜನ ಕಬ್ಬಿನ ಹೊಲದಲ್ಲಿ ಹಾವು ಕಚ್ಚಿ ತೀರಿಕೊಂಡ. ಹತ್ತಿರದ ಆಸ್ಪತ್ರೆಯಲ್ಲಿ ವಿಷಕ್ಕೆ ಕೊಡುವ ಇಂಜೆಕ್ಷನ್ ಇರಲಿಲ್ಲ. ಮಳೆಗಾಲ ಮುಗಿದ ಮೇಲೆ ತರಿಸುವ ರೂಢಿಯೂ ಇರಲಿಲ್ಲ. ದೊಡ್ಡಾಸ್ಪತ್ರೆ ಮುಟ್ಟುವ ಮುಂಚೆಯೇ ಹುಡುಗ ಹೋಗಿದ್ದ.

ವರ್ಷ ಕಳೆದ ಮೇಲೆ ಮೇಡಂ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಾವು ಕಡಿತದ ತಾರೀಖುಗಳನ್ನೆಲ್ಲ ಕೂಡಿಸಿದರು. ಕಂಪ್ಯೂಟರಿನಲ್ಲಿ ಗೆರೆ ಎಳೆದವನು ನಾನು. ಮೊದಲು ಆಜೂಬಾಜೂವಿನ ಅಗಲ ಕಡಿಮೆ ಇಟ್ಟೆ. ಮಳೆಗಾಲದಲ್ಲಿ ಗುಡ್ಡಗಳ ಸಾಲು ಎದ್ದಿತು. ಚಳಿಗಾಲದಲ್ಲಿ ಅಲ್ಲೊಂದು ಇಲ್ಲೊಂದು ಮೊನೆ, ನಡುವೆಲ್ಲ ಸೊನ್ನೆ. ಒಂದು ಮೊನೆಯ ಮೇಲೆ ಮೇಡಂ ಬೆರಳಿಟ್ಟರು.

"ಇದು ನಮ್ಮ ಹುಡುಗಂದು. ಇದನ್ನ ತಗದು ನೋಡಪಾ. ಉಳಿದವರ ತಾರೀಖಷ್ಟ ಇದ್ರ ಅವನ ದಿನದಾಗೂ ಗೆರಿ ಏಳತೈತೇನು?"

ತೆಗೆದೆ. ಆ ಜಾಗದಲ್ಲಿ ಏನೂ ಉಳಿಯಲಿಲ್ಲ.

"ಅಗಲ ಮಾಡು."

"ಮಾಡಿದ್ರ, ತಿರುಗಿ ಹಾಕಿದರೂ ಅವಂದು ಬ್ಯಾರೆ ಕಾಣಂಗಿಲ್ರಿ ಮೇಡಂ."

"ಗೊತ್ತೈತಿ. ಮಾಡು."

ಮಾಡಿದೆ. ಮೊನೆಗಳೆಲ್ಲ ಕರಗಿ ಒಂದೇ ಗೆರೆಯಾದವು. ಮಗನನ್ನು ಬಿಟ್ಟರೂ, ಅವನ ದಿನದಲ್ಲಿ ಗೆರೆ ತಗ್ಗಿತ್ತೇ ಹೊರತು ನೆಲ ಮುಟ್ಟಿರಲಿಲ್ಲ.

"ಅಂದ್ರ ಚಳಿಗಾಲದಾಗೂ ಹಾವು ಕಚ್ಚತಾವಂತ ಅವ ಇಲ್ದನೂ ಗೊತ್ತಾಗತಿತ್ತು," ಎಂದರು ಮೇಡಂ. ಸ್ವಲ್ಪ ಹೊತ್ತಿಗೆ ಅದನ್ನೇ ಇನ್ನೊಮ್ಮೆ ಹೇಳಿದರು, ಯಾರಿಗೋ ಪಾಠ ಹೇಳುವ ದನಿಯಲ್ಲಿ.

ಆ ಗೆರೆಯನ್ನೇ ಆರೋಗ್ಯಾಧಿಕಾರಿಯ ಮುಂದೆ ಇಟ್ಟರು. "ಚಳಿಗಾಲದಾಗ ಭಾಳ ಕಡಿಮಿ ಐತಲ್ರಿ?" ಎಂದರು ಅಧಿಕಾರಿ.

"ಕಡಿಮಿ ಐತ್ರಿ. ನೆಲಾ ಮುಟ್ಟಿಲ್ರಿ."

ಮೇಡಂ ಮಗನ ಮಾತು ಎತ್ತಲಿಲ್ಲ. ಹಲವು ಸಲ ಅಲೆದ ಮೇಲೆ ಇಂಜೆಕ್ಷನ್ ವರ್ಷವಿಡೀ ಇಡುವುದು ಶುರುವಾಯಿತು. ಮೇಡಂ ಅದಾಗಲೇ ಕಾಯಿಲೆ ಬಿದ್ದಿದ್ದರು; ದೀಪಾವಳಿ ಕಾಣಲಿಲ್ಲ.

ಆ ಚಳಿಗಾಲ ಹತ್ತರಗಿ ಕಡೆಯಿಂದ ಕಬ್ಬು ಕಡಿಯಲು ಬಂದ ಹೆಣ್ಣುಮಗಳೊಬ್ಬಳಿಗೆ ಹಾವು ಕಚ್ಚಿತು. ಅದೇ ಆಸ್ಪತ್ರೆ. ಇಂಜೆಕ್ಷನ್ ಇತ್ತು, ಬದುಕಿದಳು. ಸುದ್ದಿ ತಿಳಿದವನೇ ನಾನು ರೂಢಿಯಂತೆ ಮೇಡಂ ನಂಬರಿಗೆ ಫೋನ್ ಹಚ್ಚಿದ್ದೆ. ಎತ್ತಿದವರು ಅವರ ಗಂಡ. ತೊದಲುತ್ತ ಅವರಿಗೇ ಎಲ್ಲ ಹೇಳಿದೆ.



"ಇರಲಿ ಬಿಡಪಾ," ಎಂದರು. "ಅಕಿಗೆ ನಾ ಹೇಳತೇನಿ."