ಕೂಡಿಕೆಯ ಪುಟ

ಮೊಮ್ಮಗಳು ಸಮಾಜಶಾಸ್ತ್ರದಲ್ಲಿ ಎಂ.ಎ. ಓದುತ್ತಾಳೆ. ಕುರಿ ಮೇಯಿಸುವ ನಮ್ಮ ಜನರ ಮದುವೆ ಕಟ್ಟಳೆಗಳ ಮೇಲೆ ಪ್ರಬಂಧ ಬರೆಯಬೇಕಂತೆ. ನನ್ನನ್ನು ಕೇಳಿ ಮುಗಿಸಿಬಿಡುತ್ತಾಳೆ ಅಂದುಕೊಂಡಿದ್ದೆ. ಮೇಷ್ಟ್ರು ಬಿಡಲಿಲ್ಲ. ಮೊದಲು ವಿಶ್ವಕೋಶ, ಗೆಜೆಟಿಯರ್, ಜಾತಿಗಳ ಸಂಪುಟ ನೋಡು, ಆಮೇಲೆ ಜನರ ಹತ್ತಿರ ಹೋಗು ಅಂದರಂತೆ.

ಕೇಳಿ ನನಗೆ ಭಯವಾಯಿತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆ ದಪ್ಪ ಪುಸ್ತಕಗಳಲ್ಲಿ ಏನೇನು ಬರೆದಿದ್ದಾರೋ. ಅವಳ ತಾತ ನನಗೆ ಎರಡನೆಯ ಗಂಡ. ಮೊದಲನೆಯವನು ಹಾವು ಕಚ್ಚಿ ಸತ್ತ. ಎರಡು ವರ್ಷದ ಮೇಲೆ ಇವರು ಐದು ಜನರ ಎದುರು ಸೀರೆ ಕೊಟ್ಟು ಕರೆದುಕೊಂಡು ಬಂದರು. ವಾಲಗವಿಲ್ಲ, ಧಾರೆಯಿಲ್ಲ. ಅದಕ್ಕೆ ಕೂಡಿಕೆ ಅನ್ನುತ್ತಾರೆ. ಮಗನಿಗೆ ಗೊತ್ತು. ಮೊಮ್ಮಗಳು ನನ್ನನ್ನು ಕೀಳಾಗಿ ಕಂಡಾಳು ಅಂತ ಅವನ ಬಾಯಿಯನ್ನೂ ಮುಚ್ಚಿಸಿದ್ದೆ.

ಅವಳು ಮಧುಗಿರಿಯ ಲೈಬ್ರರಿಯಿಂದ ಜೆರಾಕ್ಸ್ ಮಾಡಿಸಿಕೊಂಡು ಬಂದು ಜಗಲಿಯ ಮೇಲೆ ಕೂತಳು.

“ಅಜ್ಜಿ, ಕೇಳಿಲ್ಲಿ. ಗಂಡ ಸತ್ತೋರ್ಗೆ ಕೂಡಿಕೆ ಮಾಡ್ತಿದ್ರಂತೆ. ಅಂಥೋರ್ನ ಮದ್ವೆ ಹಸೆ ಹತ್ರ ಬುಡ್ತಿರ್ಲಿಲ್ವಂತೆ. ಈಗ ನಿಂತೋಗೈತಂತೆ.”

“ಅದ್ನ ಬರ್ದೋನು ನಮ್ಮೂರಿಗೆ ಬಂದಿದ್ನಾ?”

“ಯಾರಿಗ್ಗೊತ್ತು? ಅದ್ಕೇ ಇದ್ನೇ ನಂಬ್ಕೊಂಡು ಕೂರ್ಬ್ಯಾಡ ಅಂದವ್ರೆ ಮೇಷ್ಟ್ರು. ಕೊನೇಲಿ ಪುಸ್ತಕದ ಪಟ್ಟಿ ಐತೆ, ಅವನ್ನ ಹುಡುಕ್ಬೇಕು. ಆಮೇಲೆ ಕೂಡಿಕೆ ಆದೋರು ಯಾರಾದ್ರೂ ಸಿಕ್ರೆ ಕೇಳ್ಬೇಕು. ಪಾವಗಡದ ಕಡೆ ಹೋದ್ರೆ ಸಿಗ್ತಾರೇನೋ.”

ಮುಚ್ಚಿಟ್ಟರೆ ಊರೂರು ಅಲೆಯುತ್ತಾಳೆ, ಯಾರಾದರೂ ಹೇಳಿಯೇ ಹೇಳುತ್ತಾರೆ ಅನ್ನಿಸಿತು.

“ಅಷ್ಟು ದೂರ ಯಾಕ್ಲೇ ಹೋಗ್ತೀಯ? ಎದ್ರಿಗೇ ನಾನು ಕುಂತಿವ್ನಲ್ಲ.”

ಅವಳು ಕಾಗದ ಕೆಳಗಿಟ್ಟಳು. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅಳುತ್ತಾಳೋ, ಎದ್ದು ಹೋಗುತ್ತಾಳೋ ಅಂತ ಮುಖ ನೋಡಿದೆ.

“ಎಂಥಾ ಅಜ್ಜಿ ಕಣಮ್ಮ ನೀನು! ಮೂರು ದಿನ ಆ ಧೂಳಲ್ಲಿ ಕುಂತು ಸೀನಿವ್ನಿ. ನೀನಿಲ್ಲಿ ಏನೂ ಗೊತ್ತಿಲ್ದಂಗೆ ಅವರೆಕಾಯಿ ಸುಲೀತಿದ್ಯಾ?”

ಬೈದು ಮುಗಿಸಿ ಪೆನ್ನು ತೆಗೆದಳು.

“ಸೀರೆ ಯಾವ ಬಣ್ಣ?”

“ಹಸಿರು. ಅಂಚು ಒರಟಾಗಿತ್ತು, ಕಾಲು ಕೆರೀತಿತ್ತು.”

“ನಿಂಗೆ ಇಷ್ಟ ಇತ್ತಾ?”

ಇದನ್ನು ಆವತ್ತು ಐದು ಜನವೂ ಕೇಳಿರಲಿಲ್ಲ, ಅವಳ ತಾತನೂ ಕೇಳಿರಲಿಲ್ಲ.

“ಇತ್ತು, ಬರ್ಕೋ. ಹೆಸ್ರು ಮಾತ್ರ ಹಾಕ್ಬ್ಯಾಡ.”

ಇಷ್ಟಕ್ಕೆ ಇಷ್ಟು ವರ್ಷ ಹೆದರಿದೆನಲ್ಲ ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು. ಅದರ ಹಿಂದೆಯೇ ಹಸಿವಾಯಿತು. ಎದ್ದು ಹೋಗಿ ಎರಡು ಮುದ್ದೆ ಉಂಡೆ.